ಮೈಸೂರಿನಿಂದ ಬೆಳಗಾವಿಗೆ ಆಕಾಶದಾರಿ: ದೂರವನ್ನೂ ಹಾರಾಟದ ಸಮಯವನ್ನೂ ನೀವೇ ಲೆಕ್ಕ ಹಾಕುವ ಬಗೆ

ಎರಡು ಊರುಗಳ ಹೆಸರು ಕೊಟ್ಟರೆ ವಿಮಾನದ ದೂರ, ಹಾರಾಟದ ಸಮಯ ಎರಡನ್ನೂ ಹೇಳಿಬಿಡುವ ತಾಣಗಳು ಬೇಕಾದಷ್ಟಿವೆ. ಮೈಸೂರು–ಬೆಳಗಾವಿ ಎಂದು ಕೇಳಿದರೆ 459 ಕಿ.ಮೀ., ಒಂದು ಗಂಟೆ ನಾಲ್ಕು ನಿಮಿಷ ಎನ್ನುವ ಥರದ ಉತ್ತರ ಬರುತ್ತದೆ. ದೂರ ಸರಿ. ಸಮಯ ಮಾತ್ರ ಯಾವ ವಿಮಾನದ್ದೂ ಅಲ್ಲ. ಗಂಟೆಗೆ 800 ಕಿ.ಮೀ. ವೇಗ ಎಂದಿಟ್ಟುಕೊಂಡು, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸಿದರೆ ಸಿಗುವ ಅಂಕಿ ಅದು. ಅಷ್ಟು ವೇಗದ ದೊಡ್ಡ ಜೆಟ್ ಪೂರ್ತಿ ಪ್ರಯಾಣಿಕರನ್ನು ಹೊತ್ತು ಏಳಲು ಮೈಸೂರಿನ ರನ್‌ವೇ ಸಾಲದು. ಹಾಗಾಗಿ ಲೆಕ್ಕವನ್ನು ಬುಡದಿಂದಲೇ ಹಾಕಬೇಕು. ಬೇಕಾಗುವುದು ಒಂದು ಕ್ಯಾಲ್ಕುಲೇಟರು, ಒಂದು ಹಾಳೆ. ಇದೇ ಕ್ರಮ ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ, ಮಂಗಳೂರು, ಯಾವ ಜೋಡಿಗಾದರೂ ನಡೆಯುತ್ತದೆ.

1. ಮೊದಲು ಜಾಗ ಸರಿಯಾಗಿ ಹಿಡಿಯಿರಿ

ಲೆಕ್ಕ ಶುರುವಾಗಬೇಕಾದದ್ದು ಊರಿನ ನಡುವಿನಿಂದಲ್ಲ, ವಿಮಾನ ನಿಲ್ದಾಣದಿಂದ. ಮೈಸೂರಿನದು ಮಂಡಕಳ್ಳಿಯಲ್ಲಿ, ನಂಜನಗೂಡು ರಸ್ತೆಗೆ ತಾಗಿಕೊಂಡು, ಸಂಕೇತ ಎಂವೈಕ್ಯೂ. ಬೆಳಗಾವಿಯದು ಸಾಂಬ್ರಾದಲ್ಲಿ, ಸಂಕೇತ ಐಎಕ್ಸ್‌ಜಿ. ಎರಡೂ ಊರಿನಿಂದ ಸುಮಾರು ಹತ್ತು ಕಿ.ಮೀ. ಆಚೆ. ಹುಡುಕುವಾಗ ಹೆಸರಿಗಿಂತ ಮೂರಕ್ಷರದ ಸಂಕೇತವನ್ನೇ ಬಳಸುವುದು ಒಳ್ಳೆಯದು, ಏಕೆಂದರೆ ಹಲವು ವಿದೇಶಿ ತಾಣಗಳಲ್ಲಿ ಇನ್ನೂ ಬೆಲ್ಗಾಂ, ಮೈಸೂರ್ ಎಂಬ ಹಳೆಯ ಹೆಸರುಗಳೇ ಉಳಿದಿವೆ.

ಮಂಡಕಳ್ಳಿ: ಉತ್ತರ ಅಕ್ಷಾಂಶ 12°13′48″, ಪೂರ್ವ ರೇಖಾಂಶ 76°39′21″.
ಸಾಂಬ್ರಾ: ಉತ್ತರ ಅಕ್ಷಾಂಶ 15°51′33″, ಪೂರ್ವ ರೇಖಾಂಶ 74°37′06″.

ಹೆಚ್ಚಿನವರು ಎಡವುವುದು ಇಲ್ಲೇ. 12°13′48″ ಎಂಬುದನ್ನು ದಶಮಾಂಶದಲ್ಲಿ 12.1348 ಎಂದು ಬರೆದುಬಿಡುತ್ತಾರೆ. ಅದು 12.2300 ಆಗಬೇಕು: 13 ನಿಮಿಷವನ್ನು 60ರಿಂದ, 48 ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಿಸಿದ್ದು. ಈ ಒಂದು ತಪ್ಪಿಗೇ ನಿಲ್ದಾಣ ಹತ್ತು ಕಿ.ಮೀ.ಗೂ ಹೆಚ್ಚು ದಕ್ಷಿಣಕ್ಕೆ ಸರಿದುಹೋಗುತ್ತದೆ.

2. ನೇರ ದೂರ

ಅಕ್ಷಾಂಶದ ಒಂದು ನಿಮಿಷ ಎಂದರೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಪೈಲಟ್‌ಗಳ ಲೆಕ್ಕವೆಲ್ಲ ಈ ಮೈಲಿಯಲ್ಲೇ ನಡೆಯುವುದರಿಂದ ನಾವೂ ಅದನ್ನೇ ಇಟ್ಟುಕೊಳ್ಳೋಣ. ಮುಂದೆ ವೇಗದ ಲೆಕ್ಕ ಸುಲಭವಾಗುತ್ತದೆ.

ಅಕ್ಷಾಂಶಗಳ ವ್ಯತ್ಯಾಸ 3°37.75′, ಅಂದರೆ 217.75 ನಿಮಿಷ. ಉತ್ತರ–ದಕ್ಷಿಣವಾಗಿ ಅಷ್ಟೇ ನಾಟಿಕಲ್ ಮೈಲಿ.

ರೇಖಾಂಶಗಳ ವ್ಯತ್ಯಾಸ 2°2.25′, ಅಂದರೆ 122.25 ನಿಮಿಷ. ಇದನ್ನು ಹಾಗೇ ತೆಗೆದುಕೊಳ್ಳುವಂತಿಲ್ಲ. ಸಮಭಾಜಕದಿಂದ ಮೇಲಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ, ಆದ್ದರಿಂದ ಎರಡು ಊರುಗಳ ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಸರಾಸರಿ ಸುಮಾರು 14°, ಅದರ ಕೊಸೈನ್ 0.970. ಗುಣಿಸಿದರೆ 118.6 ನಾಟಿಕಲ್ ಮೈಲಿ.

ಇನ್ನುಳಿದದ್ದು ಶಾಲೆಯ ಪೈಥಾಗೊರಸ್. 217.75ರ ವರ್ಗ 47,415, 118.6ರ ವರ್ಗ 14,066. ಮೊತ್ತದ ವರ್ಗಮೂಲ 248. ಅಂದರೆ 248 ನಾಟಿಕಲ್ ಮೈಲಿ, 459 ಕಿ.ಮೀ. ಭೂಮಿಯ ಬಾಗು ಲೆಕ್ಕಕ್ಕೆ ತೆಗೆದುಕೊಂಡಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ನಮ್ಮ ರಾಜ್ಯದೊಳಗಿನ ದೂರಗಳಿಗೆ ಅದರಿಂದ ಆಗುವ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು. ಸಾವಿರಾರು ಕಿ.ಮೀ. ದೂರದ ಊರುಗಳಾದರೆ ಮಾತ್ರ ಗೋಳದ ಮೇಲಿನ ಅತಿ ಹತ್ತಿರದ ದಾರಿಯನ್ನು ಅಳೆಯುವ ಮಹಾವೃತ್ತದ ಸೂತ್ರ ಬೇಕು.

ಒಂದು ತಾಣ 458, ಇನ್ನೊಂದು 459 ಎಂದರೆ ಯಾವುದೂ ತಪ್ಪಲ್ಲ. ಒಂದು ಭೂಮಿಯನ್ನು ಧ್ರುವಗಳಲ್ಲಿ ಚಪ್ಪಟೆಯಾದ ಗೋಳವೆಂದು ಹಿಡಿದಿದೆ, ಇನ್ನೊಂದು ಪೂರ್ತಿ ಗುಂಡಗಿದೆ ಎಂದಿಟ್ಟುಕೊಂಡಿದೆ. ಆದರೆ 500 ದಾಟಿದ ಅಂಕಿ ಕಂಡರೆ ಅದು ರಸ್ತೆಯ ದೂರ ಎಂದು ತಿಳಿಯಿರಿ.

ದಿಕ್ಕನ್ನೂ ಇಲ್ಲೇ ತೆಗೆದಿಟ್ಟುಕೊಳ್ಳಿ. 118.6ನ್ನು 217.75ರಿಂದ ಭಾಗಿಸಿದರೆ 0.545, ಅದು 28.6 ಡಿಗ್ರಿಯ ಟ್ಯಾಂಜೆಂಟ್. ಬೆಳಗಾವಿ ಮೈಸೂರಿನ ಪಶ್ಚಿಮಕ್ಕಿರುವುದರಿಂದ 360ರಲ್ಲಿ ಅಷ್ಟು ಕಳೆದರೆ ಹಾರುವ ದಿಕ್ಕು 331 ಡಿಗ್ರಿ, ಅಂದರೆ ಉತ್ತರಕ್ಕೆ ಹೆಚ್ಚು ವಾಲಿದ ವಾಯವ್ಯ. ಗಾಳಿಯ ಲೆಕ್ಕಕ್ಕೆ ಇದು ಬೇಕಾಗುತ್ತದೆ.

3. ಯಾವ ವಿಮಾನ ಎಂಬುದನ್ನು ರನ್‌ವೇ ಹೇಳುತ್ತದೆ

ದೂರ ಸಿಕ್ಕ ಕೂಡಲೇ ವೇಗದಿಂದ ಭಾಗಿಸಲು ಹೋಗಬೇಡಿ. ಯಾವ ವಿಮಾನದ ವೇಗ? ಎರಡು ನಿಲ್ದಾಣಗಳಲ್ಲಿ ಯಾವುದರ ರನ್‌ವೇ ಗಿಡ್ಡವೋ ಅದು ವಿಮಾನವನ್ನು ನಿರ್ಧರಿಸುತ್ತದೆ. ಬೆಳಗಾವಿಯ ರನ್‌ವೇ 2,300 ಮೀಟರ್. ಅಲ್ಲಿ ಏರ್‌ಬಸ್ ಎ320, ಬೋಯಿಂಗ್ 737, ಎಂಬ್ರೇಯರ್ ಎಲ್ಲವೂ ಇಳಿಯುತ್ತವೆ. ಮೈಸೂರಿನದು 1,740 ಮೀಟರ್. ಒಂದು ಪಕ್ಕದಲ್ಲಿ ನಂಜನಗೂಡು ಹೆದ್ದಾರಿ, ರೈಲು ಹಳಿ. ಹಾಗಾಗಿ ಉದ್ದ ಮಾಡುವ ಮಾತು ಬಂದಾಗಲೆಲ್ಲ ಅವೆರಡನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ಉದ್ದ ಒಂದೇ ಸಾಲದು, ಎತ್ತರ ಮತ್ತು ಬಿಸಿಲನ್ನೂ ನೋಡಬೇಕು. ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಮೇಲಿದೆ. ಆ ಎತ್ತರದಲ್ಲಿ ಇರಬೇಕಾದ ಮಾದರಿ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ 25 ಡಿಗ್ರಿ ಹೆಚ್ಚಾಯಿತು. ಪ್ರತಿ ಡಿಗ್ರಿಗೆ ಸುಮಾರು 120 ಅಡಿಯಂತೆ 3,000 ಅಡಿ ಕೂಡಿಸಿ. ರೆಕ್ಕೆಗೂ ಎಂಜಿನ್ನಿಗೂ ಆಗ ಆ ನಿಲ್ದಾಣ 5,400 ಅಡಿ ಎತ್ತರದಲ್ಲಿದ್ದಂತೆ. ಗಾಳಿ ತೆಳುವಾದಷ್ಟೂ ನೆಲ ಬಿಡಲು ಹೆಚ್ಚು ಓಟ ಬೇಕು. ಬೇಸಿಗೆಯ ಮಧ್ಯಾಹ್ನದ ವಿಮಾನಗಳಲ್ಲಿ ಕೆಲವೊಮ್ಮೆ ಸೀಟು ಖಾಲಿಯಿದ್ದರೂ ಮಾರದಿರುವುದಕ್ಕೆ, ಸಾಮಾನು ಮುಂದಿನ ವಿಮಾನಕ್ಕೆ ಉಳಿಯುವುದಕ್ಕೆ ಇದೊಂದು ಕಾರಣ.

ಈ ಇಕ್ಕಟ್ಟಿನಲ್ಲಿ ಒಗ್ಗುವ ವಿಮಾನ ಎಟಿಆರ್ 72: ಪಂಖದ ಎರಡು ಎಂಜಿನ್, ಎಪ್ಪತ್ತರಿಂದ 78 ಸೀಟು. ಸಮುದ್ರಮಟ್ಟದಲ್ಲಿ, ಮಾದರಿ ಹವೆಯಲ್ಲಿ ಪೂರ್ತಿ ತೂಕದೊಂದಿಗೆ ಏಳಲು ಇದಕ್ಕೆ 1,300 ಮೀಟರಿಗಿಂತ ಸ್ವಲ್ಪ ಹೆಚ್ಚು ರನ್‌ವೇ ಸಾಕು. ಎತ್ತರದಲ್ಲಿ ಇದರ ವೇಗ ಸುಮಾರು 270 ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲಿ ಎಂದರೆ ಒಂದು ನಾಟ್), ಅಂದರೆ ಗಂಟೆಗೆ 500 ಕಿ.ಮೀ. ತಾಣಗಳು ಹಿಡಿದ 800ಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ.

4. ಗಾಳಿಯಲ್ಲಿರುವ ಸಮಯ

ಈಗ ದಾರಿಯನ್ನು ತುಂಡು ಮಾಡಿ. ವಿಮಾನ ನೇರ ಗೆರೆಯಲ್ಲಿ ಹೋಗುವುದಿಲ್ಲ; ನಿಗದಿತ ವಾಯುಮಾರ್ಗ, ಏರುವಾಗಿನ ತಿರುವು, ಇಳಿಯುವಾಗಿನ ಸುತ್ತು ಎಲ್ಲ ಸೇರಿ ಇಂಥ ದೂರಕ್ಕೆ 8–10 ಶೇಕಡಾ ಕೂಡಿಸುವುದು ಸುರಕ್ಷಿತ. 248 ಇದ್ದದ್ದು 270 ನಾಟಿಕಲ್ ಮೈಲಿ ಎಂದಿಟ್ಟುಕೊಳ್ಳೋಣ.

ಯಾವ ಎತ್ತರ? ಪಶ್ಚಿಮಾರ್ಧದ ದಿಕ್ಕಿಗೆ, ಅಂದರೆ 180ರಿಂದ 359 ಡಿಗ್ರಿಯವರೆಗೆ ಹಾರುವ ವಿಮಾನಗಳಿಗೆ ಸಮಸಂಖ್ಯೆಯ ಸಾವಿರ ಅಡಿಗಳು, ಪೂರ್ವಾರ್ಧಕ್ಕೆ ಬೆಸಸಂಖ್ಯೆ. ಎದುರುಬದುರು ಬರುವವು ಒಂದೇ ಎತ್ತರದಲ್ಲಿ ಸಿಗದಿರಲಿ ಎಂದು ಮಾಡಿದ ನಿಯಮ. ಹಾಗಾಗಿ ಬೆಳಗಾವಿಗೆ ಹೋಗುವಾಗ 16,000 ಅಥವಾ 18,000 ಅಡಿ, ಬರುವಾಗ 15,000 ಅಥವಾ 17,000. ಇಲ್ಲಿ 16,000 ಹಿಡಿಯೋಣ.

ಏರಿಕೆ: 2,400 ಅಡಿಯಿಂದ 16,000ಕ್ಕೆ, ನಿಮಿಷಕ್ಕೆ ಸರಾಸರಿ ಸಾವಿರ ಅಡಿಯಂತೆ 14 ನಿಮಿಷ. ಈ ಹೊತ್ತಿನ ಸರಾಸರಿ ವೇಗ 205 ನಾಟ್ ಎಂದರೆ 48 ಮೈಲಿ ಸಾಗಿರುತ್ತದೆ.

ಇಳಿತ: ನಿಮಿಷಕ್ಕೆ 1,500 ಅಡಿಯಂತೆ 9 ನಿಮಿಷ, 39 ಮೈಲಿ. ಸಾಂಬ್ರಾದ ಎತ್ತರವೂ ಮಂಡಕಳ್ಳಿಗೆ ಹತ್ತಿರವೇ, 2,500 ಅಡಿಯ ಆಸುಪಾಸು. ಹಾಗಾಗಿ ಎರಡೂ ಕಡೆ ಒಂದೇ ಲೆಕ್ಕ ನಡೆಯುತ್ತದೆ. ಮಂಗಳೂರಿನಂಥ ತಗ್ಗಿನ ನಿಲ್ದಾಣವಾದರೆ ಇಳಿತಕ್ಕೆ ಒಂದೆರಡು ನಿಮಿಷ ಹೆಚ್ಚು ಬೇಕು.

ಕೊನೆಯ ಹದಿನೈದು ಮೈಲಿ: ಚಕ್ರ ಕೆಳಗಿಳಿಸಿ, ರನ್‌ವೇಗೆ ನೇರವಾಗಿ, 150 ನಾಟ್ ಸುಮಾರಿನಲ್ಲಿ. 6 ನಿಮಿಷ.

ನಡುವಿನ ನೇರ ಹಾರಾಟ: 270ರಲ್ಲಿ ಮೇಲಿನ ಮೂರನ್ನು ಕಳೆದರೆ 168 ಮೈಲಿ, 270 ನಾಟ್ ವೇಗದಲ್ಲಿ 37 ನಿಮಿಷ.

ಒಟ್ಟು 66 ನಿಮಿಷ. ತಾಣ ಹೇಳಿದ 64ಕ್ಕೆ ಇದು ಹತ್ತಿರ ಬಂದದ್ದು ಕಾಕತಾಳೀಯ. ಅದು ಅರ್ಧ ಗಂಟೆಯನ್ನು ಧಾರಾಳವಾಗಿ ಕೂಡಿಸಿದ್ದರಿಂದ ವೇಗದ ತಪ್ಪು ಮುಚ್ಚಿಹೋಯಿತು. ದೂರ ಎರಡರಷ್ಟಾದರೆ ಅದೇ ಸೂತ್ರ ಎಟಿಆರ್‌ಗೆ ಅರ್ಧ ಗಂಟೆಯ ಹತ್ತಿರ ತಪ್ಪುತ್ತದೆ.

ಪ್ರತಿಸಲ ಇಷ್ಟು ಬಿಡಿಸಿ ಹಾಕಲು ಬೇಸರವಾದರೆ ಒಂದು ಒರಟು ಸೂತ್ರ: ನೇರ ದೂರದ ನಾಟಿಕಲ್ ಮೈಲಿಯನ್ನು 4.5ರಿಂದ ಭಾಗಿಸಿ, 11 ಕೂಡಿಸಿ. ಎಟಿಆರ್‌ಗೆ 150ರಿಂದ 350 ಮೈಲಿಯೊಳಗೆ ಇದು ನಿಜಕ್ಕೆ ಹತ್ತಿರವೇ ಬರುತ್ತದೆ.

5. ಟಿಕೆಟ್ಟಿನಲ್ಲಿರುವ ಸಮಯ ಬೇರೆ

ಟಿಕೆಟ್ಟಿನಲ್ಲಿ ಹೊರಡುವ ಸಮಯ ಎಂದರೆ ವಿಮಾನ ನಿಂತ ಜಾಗದಿಂದ ಕದಲುವ ಹೊತ್ತು, ನೆಲ ಬಿಡುವ ಹೊತ್ತಲ್ಲ. ತಲುಪುವ ಸಮಯ ಎಂದರೆ ನಿಲ್ಲುವ ಜಾಗಕ್ಕೆ ಬಂದು ಚಕ್ರಕ್ಕೆ ಅಡ್ಡಗಟ್ಟೆ ಬೀಳುವ ಹೊತ್ತು. ಇವೆರಡರ ನಡುವಿನದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ಮೈಸೂರು, ಬೆಳಗಾವಿಯಂಥ ಸಣ್ಣ ನಿಲ್ದಾಣಗಳಲ್ಲಿ ನೆಲದ ಮೇಲಿನ ಓಡಾಟ ಒಂದೊಂದು ಕಡೆ ಐದು ನಿಮಿಷ. 66 ಈಗ 76 ಆಯಿತು. ಕಂಪನಿಗಳು ಇದಕ್ಕೆ ಇನ್ನೂ ಐದು ಹತ್ತು ನಿಮಿಷ ಸಡಿಲ ಬಿಟ್ಟು 80 ಅಥವಾ 85 ಎಂದು ಬರೆಯುತ್ತವೆ. ವೇಳಾಪಟ್ಟಿಗಿಂತ ಹದಿನೈದು ನಿಮಿಷದೊಳಗೆ ತಲುಪಿದರೆ ಸಮಯಕ್ಕೆ ಸರಿಯಾಗಿ ಬಂತೆಂದೇ ಲೆಕ್ಕ. ಹೀಗಾಗಿ ಹತ್ತು ನಿಮಿಷ ತಡವಾಗಿ ಹೊರಟ ವಿಮಾನ ಸಮಯಕ್ಕೆ ಸರಿಯಾಗಿ ಬಂದಿತೆಂಬ ಪ್ರಕಟಣೆ ಕೇಳಿದರೆ ಪೈಲಟ್ ಜೋರಾಗಿ ಓಡಿಸಿದನೆಂದು ತಿಳಿಯಬೇಡಿ.

ಬೆಂಗಳೂರಿನಲ್ಲಿ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ಎರಡು ರನ್‌ವೇ ಇವೆ. ಹೊರಡುವ ಸಾಲು, ದೂರದ ರನ್‌ವೇಗೆ ಓಟ ಎಲ್ಲ ಸೇರಿ ನೆಲದ ಮೇಲೆಯೇ ಹದಿನೈದು ಇಪ್ಪತ್ತು ನಿಮಿಷ ಹೋಗಬಹುದು.

6. ಗಾಳಿ, ಮಳೆ, ಮಂಜು: ಯಾವುದಕ್ಕೆ ಎಷ್ಟು

ಗಾಳಿಯಿಂದ ಸಮಯ ಬಹಳ ಬದಲಾಗುತ್ತದೆ ಎಂಬುದು ಅಮೆರಿಕ, ಯುರೋಪಿನ ದೂರದ ಹಾರಾಟಗಳ ಮಾತು. ನಮ್ಮ ಜೋಡಿಗೆ ಹಾಕಿ ನೋಡಿ: ಪಶ್ಚಿಮದಿಂದ 30 ನಾಟ್ ಗಾಳಿ ಇದ್ದರೆ, ಹಾರುವ ದಿಕ್ಕು 331. ನಡುವಿನ ಕೋನ 61 ಡಿಗ್ರಿ, ಅದರ ಕೊಸೈನ್ 0.485. ಎದುರಿನಿಂದ ತಡೆಯುವ ಪಾಲು ಹದಿನೈದು ನಾಟ್ ಮಾತ್ರ. 270 ಇದ್ದ ವೇಗ 255 ಆದರೆ ನಡುವಿನ ಹಾರಾಟ 37ರ ಬದಲು 39–40 ನಿಮಿಷ. ಅಷ್ಟೇ. ಮಳೆಗಾಲದ ಬಲವಾದ ಪಡುಗಾಳಿ ಬೀಸುವುದೂ ಹೆಚ್ಚಾಗಿ ಐದು ಸಾವಿರ ಅಡಿಯ ಸುತ್ತಮುತ್ತ. ಹದಿನಾರು ಸಾವಿರದಲ್ಲಿ ಅದರ ಜೋರು ತಗ್ಗಿರುತ್ತದೆ.

ರನ್‌ವೇಯ ದಿಕ್ಕಿನಿಂದ ಆಗುವ ವ್ಯತ್ಯಾಸ ಇದಕ್ಕಿಂತ ಹೆಚ್ಚು. ಎರಡೂ ನಿಲ್ದಾಣಗಳ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿವೆ. ವಿಮಾನ ಗಾಳಿಗೆ ಎದುರಾಗಿ ಏಳುತ್ತದೆ, ಎದುರಾಗಿಯೇ ಇಳಿಯುತ್ತದೆ. ಪಡುಗಾಳಿಯ ದಿನ ಮೈಸೂರಿನಿಂದ ಪಶ್ಚಿಮಕ್ಕೆ ಎದ್ದು, ಬಲಕ್ಕೆ ಸ್ವಲ್ಪ ತಿರುಗಿದರೆ ಬೆಳಗಾವಿಯ ದಾರಿ. ಮೂಡುಗಾಳಿಯ ದಿನ ಪೂರ್ವಕ್ಕೆ ಎದ್ದು ಹಿಂದಕ್ಕೆ ತಿರುಗಬೇಕು. ಅಲ್ಲಿ ಎರಡು ಮೂರು ನಿಮಿಷ ಹೋಯಿತು.

ನಿಜವಾದ ತಡ ಬರುವುದು ಇಳಿಯುವಾಗ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗಾವಿಯಲ್ಲಿ ಮೋಡ ತೀರ ಕೆಳಗಿಳಿದು ರನ್‌ವೇ ಕಾಣದಿರುವುದುಂಟು. ಆಗ ವಿಮಾನ ಮೇಲೆಯೇ ಸುತ್ತುತ್ತದೆ. ಒಂದು ಸುತ್ತಿಗೆ ನಾಲ್ಕು ನಿಮಿಷ: ಒಂದೊಂದು ತಿರುವಿಗೆ ಒಂದು, ಒಂದೊಂದು ನೇರ ತುಂಡಿಗೆ ಒಂದು. ನಾಲ್ಕು ಸುತ್ತು ಹಾಕಿದರೆ ಹದಿನಾರು ನಿಮಿಷ. ಅದಕ್ಕೂ ಬಗ್ಗದಿದ್ದರೆ ಬೇರೆ ನಿಲ್ದಾಣಕ್ಕೆ. ಮಳೆಗಾಲದ ಪ್ರಯಾಣಕ್ಕೆ ಲೆಕ್ಕದ ಮೇಲೆ ಅರ್ಧ ಗಂಟೆ ಇಟ್ಟುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರು ಮೂಲಕ ಹೋಗುವವರು ಬೆಳಗ್ಗೆ ಎಂಟಕ್ಕೆ ಮುಂಚಿನ ವಿಮಾನ ಬಿಟ್ಟು ನಂತರದ್ದನ್ನು ಹಿಡಿಯುವುದು ಜಾಣತನ. ದೇವನಹಳ್ಳಿಯ ಮಂಜು ಆ ಹೊತ್ತಿನಲ್ಲೇ ದಟ್ಟ.

7. ನೇರ ವಿಮಾನ ಇಲ್ಲದಿದ್ದರೆ

ಇಲ್ಲಿಯವರೆಗಿನದೆಲ್ಲ ನೇರ ವಿಮಾನ ಇದ್ದರೆ. ಸಣ್ಣ ಊರುಗಳ ನಡುವೆ ಅದು ಇದ್ದೇ ಇರುತ್ತದೆಂಬ ಖಾತರಿ ಇಲ್ಲ. 2016ರಲ್ಲಿ ಘೋಷಣೆಯಾಗಿ, 2017ರ ಏಪ್ರಿಲ್‌ನಲ್ಲಿ ಮೊದಲ ವಿಮಾನ ಹಾರಿಸಿದ, ಸಣ್ಣ ಊರುಗಳನ್ನು ವಿಮಾನದಿಂದ ಜೋಡಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸಹಾಯಧನ ಸಿಗುವುದು ಮೂರು ವರ್ಷ. ಅವಧಿ ಮುಗಿದ ಮೇಲೆ ಸೀಟು ತುಂಬದ ಮಾರ್ಗಗಳು ಸದ್ದಿಲ್ಲದೆ ನಿಂತುಹೋಗುತ್ತವೆ. ಆದರೂ ತಾಣಗಳಲ್ಲಿ ಹಾರಾಟದ ಸಮಯ ತೋರಿಸುತ್ತಲೇ ಇರುತ್ತದೆ, ಏಕೆಂದರೆ ಅದು ಲೆಕ್ಕದ ಸಮಯ, ವೇಳಾಪಟ್ಟಿಯದಲ್ಲ. ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಬದಲಾಗುತ್ತದೆ. ಆ ತಾರೀಖು ದಾಟಿದ ಪ್ರಯಾಣವಾದರೆ ಹೊಸ ಪಟ್ಟಿ ಬಂದ ಮೇಲೆ ಮತ್ತೊಮ್ಮೆ ನೋಡಿ.

ನೇರ ವಿಮಾನ ಸಿಗದಿದ್ದರೆ ದೂರ ಹೇಗೆ ಬೆಳೆಯುತ್ತದೆ ಎಂಬುದನ್ನು ಮೇಲಿನ ಕ್ರಮದಲ್ಲೇ ತೆಗೆಯಬಹುದು. ಮೈಸೂರಿನಿಂದ ಬೆಂಗಳೂರು ನಿಲ್ದಾಣಕ್ಕೆ 157 ಕಿ.ಮೀ., ಅಲ್ಲಿಂದ ಬೆಳಗಾವಿಗೆ 445, ಒಟ್ಟು 602. ಹೈದರಾಬಾದ್ ಮೂಲಕವಾದರೆ 588, ಮತ್ತೆ ಅಲ್ಲಿಂದ 434. ಒಟ್ಟು 1,022 ಕಿ.ಮೀ. ನೇರ ದೂರದ ಎರಡರಷ್ಟಕ್ಕಿಂತ ಹೆಚ್ಚು. ಟಿಕೆಟ್ ಹುಡುಕುವ ಆ್ಯಪ್‌ಗಳು ಇದನ್ನು ನೀಟಾಗಿ ತೋರಿಸುತ್ತವೆ, ಆದರೆ ನಿಮ್ಮನ್ನು ರಾಜ್ಯದ ಆಚೆ ಒಯ್ದು ವಾಪಸ್ ತರುತ್ತಿದೆ ಎಂದು ಹೇಳುವುದಿಲ್ಲ.

ಬೆಂಗಳೂರಿನಲ್ಲಿ ವಿಮಾನ ಬದಲಿಸುವವರು ಟರ್ಮಿನಲ್ ನೋಡಲೇಬೇಕು. ಇಂಡಿಗೊದ ದೇಶೀಯ ಸೇವೆ ಟರ್ಮಿನಲ್ 1ರಿಂದ, ಸ್ಟಾರ್ ಏರ್ ಟರ್ಮಿನಲ್ 2ರಿಂದ. ಒಂದರಿಂದ ಇನ್ನೊಂದಕ್ಕೆ ಶಟಲ್ ಬಸ್ ಇದೆ, ಆದರೆ ಹೊರಗೆ ಬಂದು, ಸಾಮಾನು ಎತ್ತಿಕೊಂಡು, ಮತ್ತೆ ಚೆಕ್-ಇನ್, ಮತ್ತೆ ಭದ್ರತಾ ತಪಾಸಣೆ. ಎರಡು ಬೇರೆ ಪಿಎನ್‌ಆರ್ ಆಗಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ಯಾರೂ ಹೊಣೆಯಲ್ಲ. ಮೂರು ಗಂಟೆಗಿಂತ ಕಡಿಮೆ ಅಂತರದಲ್ಲಿ ಹೀಗೆ ಎರಡು ಟಿಕೆಟ್ ಜೋಡಿಸಬೇಡಿ. ಅಂದಹಾಗೆ, ಎಟಿಆರ್‌ನಲ್ಲಿ ಪ್ರಯಾಣಿಕರ ಬಾಗಿಲು ಹಿಂದೆ ಇರುತ್ತದೆ. ಇಳಿದ ಕೂಡಲೇ ಓಡಬೇಕಾದವರು ಹಿಂದಿನ ಸಾಲಿನ ಸೀಟು ಕೇಳಬೇಕು.

8. ಮನೆಯಿಂದ ಮನೆಗೆ

ಕೊನೆಗೆ ಬೇಕಾದ ಅಂಕಿ ಇದೊಂದೇ. ಹೆಚ್ಚಿನ ಕಂಪನಿಗಳ ಚೆಕ್-ಇನ್ ಕೌಂಟರ್ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ, ಬೋರ್ಡಿಂಗ್ ಗೇಟ್ ಸುಮಾರು 25 ನಿಮಿಷ ಮೊದಲು. ಆದ್ದರಿಂದ ಒಂದೂವರೆ ಗಂಟೆ ಮೊದಲು ನಿಲ್ದಾಣದಲ್ಲಿರಬೇಕು.

ನೇರ ವಿಮಾನ: ಮನೆಯಿಂದ ಮಂಡಕಳ್ಳಿಗೆ 30 ನಿಮಿಷ, ಕಾಯುವುದು 90, ಬ್ಲಾಕ್ ಟೈಮ್ 85, ಸಾಮಾನು ತೆಗೆದು ಹೊರಬರಲು 20, ಸಾಂಬ್ರಾದಿಂದ ಊರಿಗೆ 30. ಒಟ್ಟು ನಾಲ್ಕೂಕಾಲು ಗಂಟೆ.

ಮೈಸೂರಿನಿಂದ ಫ್ಲೈಬಸ್ ಅಥವಾ ಕಾರಿನಲ್ಲಿ ದೇವನಹಳ್ಳಿಗೆ, ಅಲ್ಲಿಂದ ವಿಮಾನ: ರಸ್ತೆಗೆ ನಾಲ್ಕೂವರೆ ಗಂಟೆ, ಕಾಯಲು 90 ನಿಮಿಷ, ಹಾರಾಟಕ್ಕೆ 75, ಕೊನೆಯ ಓಡಾಟಕ್ಕೆ 50. ಎಂಟು ಗಂಟೆ ಚಿಲ್ಲರೆ. ಎಕ್ಸ್‌ಪ್ರೆಸ್‌ವೇ ಉಳಿಸಿದ ಸಮಯವನ್ನು ಬೆಂಗಳೂರು ಊರೊಳಗೆ ತಿಂದುಹಾಕುತ್ತದೆ. ಸಂಜೆಯ ವಿಮಾನವಾದರೆ ಇನ್ನೊಂದು ಗಂಟೆ ಸೇರಿಸಿ.

ಹೈದರಾಬಾದ್ ಮೂಲಕ: 30, 90, ಮೊದಲ ಹಾರಾಟ 100, ನಡುವೆ ಎರಡೂವರೆ ಗಂಟೆ, ಎರಡನೆಯದು 80, ಕೊನೆಗೆ 50. ಎಂಟು ಗಂಟೆ ಇಪ್ಪತ್ತು ನಿಮಿಷ. ದೂರ ಅಷ್ಟು ಹೆಚ್ಚಿದ್ದರೂ ಸಮಯ ಬೆಂಗಳೂರಿನ ರಸ್ತೆಗೆ ಸರಿಸಮ, ಮತ್ತು ಮೈಸೂರಿನಲ್ಲೇ ಸಾಮಾನು ಒಪ್ಪಿಸಿ ಬೆಳಗಾವಿಯಲ್ಲಿ ತೆಗೆದುಕೊಳ್ಳಬಹುದು, ಎರಡೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ. ರಾತ್ರಿ ರೈಲಿಗೆ ಸುಮಾರು ಹನ್ನೆರಡು ಗಂಟೆ, ಆದರೆ ಮಲಗಿಕೊಂಡು. ನೇರ ವಿಮಾನ ಇಲ್ಲದ ದಿನಗಳಲ್ಲಿ ಒಬ್ಬರೇ ಹೋಗುವವರಿಗೆ ರೈಲೇ ಲೇಸು. ವಿಮಾನವೇ ಬೇಕೆಂದರೆ ಹುಬ್ಬಳ್ಳಿಯನ್ನೂ ಹುಡುಕಿ ನೋಡಿ. ಅಲ್ಲಿಂದ ಬೆಳಗಾವಿಗೆ ಹೆದ್ದಾರಿಯಲ್ಲಿ ಎರಡು ಗಂಟೆಯೊಳಗಿನ ದಾರಿ.

9. ಲೆಕ್ಕವನ್ನು ನಿಜದೊಂದಿಗೆ ತಾಳೆ ನೋಡಿ

ಫ್ಲೈಟ್‌ರಾಡಾರ್24ನಂಥ ತಾಣದಲ್ಲಿ ವಿಮಾನದ ಸಂಖ್ಯೆ ಕೊಟ್ಟರೆ ಕಳೆದ ಏಳು ದಿನಗಳ ಹಾರಾಟ ಪುಕ್ಕಟೆ ಸಿಗುತ್ತದೆ. ನೇರ ವಿಮಾನ ಇಲ್ಲದಿದ್ದರೆ ಹೆಚ್ಚುಕಡಿಮೆ ಅಷ್ಟೇ ದೂರದ ಬೇರೆ ಜೋಡಿಯನ್ನು, ಅದೇ ಬಗೆಯ ವಿಮಾನದ್ದನ್ನು ಆರಿಸಿ. ಬೆಂಗಳೂರು–ಬೆಳಗಾವಿ 445 ಕಿ.ಮೀ. ಇರುವುದರಿಂದ ನಮಗೆ ಸರಿಹೊಂದುತ್ತದೆ, ಆದರೆ ಅಲ್ಲಿ ಹಾರಿದ್ದು ಎಟಿಆರ್ ಆಗಿರಬೇಕು. ಜೆಟ್ಟಿನ ಅಂಕಿ ಹಿಡಿದರೆ ಇಪ್ಪತ್ತು ನಿಮಿಷ ಕಡಿಮೆ ಬರುತ್ತದೆ.

ಪಟ್ಟಿಯಲ್ಲಿ ಎರಡು ವಿಷಯ ಗಮನಿಸಿ. ಅಲ್ಲಿರುವ ಹಾರಾಟದ ಅವಧಿ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನದು. ಅದನ್ನು ನಿಮ್ಮ 66ರ ಜೊತೆ ಹೋಲಿಸಿ, 85ರ ಜೊತೆಯಲ್ಲ. ಸಮಯ ಐದೂವರೆ ಗಂಟೆ ಹಿಂದೆ ಕಂಡರೆ ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮಾದರಿ ಸಮಯ; ಸೆಟ್ಟಿಂಗ್‌ನಲ್ಲಿ ಸ್ಥಳೀಯ ಸಮಯಕ್ಕೆ ಬದಲಿಸಿಕೊಳ್ಳಿ. ಏಳರಲ್ಲಿ ಅತಿ ತಡವಾದದ್ದೊಂದನ್ನು ಬಿಟ್ಟು, ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ತಡವಾದದ್ದನ್ನು ಹಿಡಿದು, ಮುಂದಿನ ಬಸ್ಸನ್ನೋ ಮೀಟಿಂಗನ್ನೋ ಅದರ ಮೇಲೆ ಗೊತ್ತುಮಾಡಿ.